ಬೆವರುವ ಗೋಡೆ

ಮಿರಗದ ಮಳೆ ಹತ್ತಿರ ಬಂತೆಂದರೆ ಹಾಲವ್ವನಿಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ. ಆಳು ಫಕ್ಕೀರಪ್ಪನನ್ನು ಮಾಡಿನ ಮೇಲೆ ಹತ್ತಿಸಿ ಹಂಚು ಕೈಯಾಡಿಸುವಳು. ಎರಚಲು ಹೊಡೆಯುವ ಪಡುವಣ ಗೋಡೆಗೆ ಹುಲ್ಲಿನ ತಟ್ಟಿ ಕಟ್ಟಿಸುವಳು. ಕಾಳಿನ ಗಡಿಗೆಗಳನ್ನು ನೆಲದಿಂದೆತ್ತಿ, ಬೂದಿ ಹರವಿದ ಹಲಗೆಯ ಮೇಲೆ ಇರಿಸುವಳು. ಮಳೆ ಹಿಡಿದ ಮೇಲೂ ಆಕೆಯದು ಅದೇ ಧ್ಯಾನ. ತೊಯ್ದ ಕಂಬಳಿ ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ. ಬಿಸಿಲು ಬಿದ್ದ ದಿನವಲ್ಲದೆ ನೆಲ ಸಾರಿಸುವಂತಿಲ್ಲ. ಮೋಡ ಚೂರು ಸರಿದರೆ ಸಾಕು, ಹಿಂದಿನ ಕೋಣೆಯ ಕಿಟಕಿ ತೆರೆದು, ಬಾಗಿಲಿಗೆ ಕಲ್ಲು ಆನಿಸಿ, ಹಿತ್ತಲಿನ ಗಾಳಿ ಪಡಸಾಲೆಯವರೆಗೆ ಒಮ್ಮೆ ಹಾದುಹೋಗುವಂತೆ ಮಾಡಬೇಕು. ಓಣಿಯ ಉಳಿದ ಮನೆಗಳಲ್ಲಿ ಆಷಾಢ ಮುಗಿಯುವುದರೊಳಗೆ ಹಾಸಿಗೆಗೆ ಬೂಷ್ಟು ಹಿಡಿದು, ಉಪ್ಪು ನೀರಾಗಿ, ಗೋಡೆಯ ಬುಡ ಮೆತ್ತಗಾದರೆ, ಹಾಲವ್ವನ ಮನೆಯ ಕೌದಿ ಮಾತ್ರ ಗರಿಗರಿಯಾಗಿ ಇರುತ್ತಿತ್ತು. "ನಿಮ್ಮ ಮನೀ ಮ್ಯಾಲೆ ಮಳಿ ಆಗಂಗೇ ಇಲ್ಲೇನವಾ?" ಎಂದು ನೆರೆಯವರು ಕೇಳಿದರೆ ಆಕೆಗೆ ಒಳಗೊಳಗೇ ಹಿಗ್ಗು.

ಆಡೂರಿನ ಮಗ್ಗುಲಿಗಿದ್ದ ಸಣ್ಣ ಊರು ಅದು. ಗಂಡ ಲಕ್ಷ್ಮಪ್ಪನಿಗೆ ಕೆರೆಯ ಕೆಳಗೆ ಭತ್ತದ ಗದ್ದೆಯಿತ್ತು. ಯುದ್ಧ ಹತ್ತಿ ನಾಲ್ಕಾರು ವರ್ಷವಾಗಿತ್ತು. ಯಾರು ಯಾರ ಮೇಲೆ ಕಾದುತ್ತಿದ್ದಾರೆಂದು ಊರಿನ ಹೆಚ್ಚಿನ ಮಂದಿಗೆ ತಿಳಿಯದು. ಸೀಮೆಎಣ್ಣೆ ಸಿಗದ್ದು, ಅರಿವೆ ಸಿಗದ್ದು, ಸುಗ್ಗಿ ಬಂದೊಡನೆ ಸರಕಾರದ ಮಂದಿ ಬಂದು ಲೇವಿ ಎಂದು ಭತ್ತ ಅಳೆದುಕೊಂಡು ಹೋಗುವುದು ಮಾತ್ರ ಎಲ್ಲರಿಗೂ ತಿಳಿದಿತ್ತು. ಹಿಂದಿನ ವರ್ಷ ಬೆಳೆ ಅರ್ಧಕ್ಕೆ ಇಳಿದರೂ ಲೇವಿ ಇಳಿಯಲಿಲ್ಲ. ಬೇಸಿಗೆಯ ಹೊತ್ತಿಗೆ ಮನೆಯಲ್ಲಿ ಅಕ್ಕಿ ತೀರಿತು. ಹಾನಗಲ್ಲಿನ ಅಂಗಡಿಯಲ್ಲಿ ಕಾರ್ಡಿಗೆ ಕೊಡುವ ನುಸಿ ಹಿಡಿದ ಜೋಳವೇ ಗತಿಯಾಯಿತು. ಲಕ್ಷ್ಮಪ್ಪನ ಮುದಿ ತಾಯಿಗೆ ಆ ಜೋಳ ಅರಗಲಿಲ್ಲ. ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದವಳು, "ಒಂದು ತುತ್ತು ಅನ್ನಾ ಮಜ್ಜಗಿ ಹಾಕ್ರೆ" ಎಂದು ಹಲುಬುತ್ತಲೇ ಹೋದಳು. ಅದು ಲಕ್ಷ್ಮಪ್ಪನ ಗಂಟಲಲ್ಲಿ ಮುಳ್ಳಾಗಿ ಕೂತಿತು.

ಮರುಸುಗ್ಗಿಗೆ ಬೆಳೆ ಚಲೋ ಬಂತು. ಆದರೆ ಕೊಯ್ದು ಹಾಕಿದ ಮೇಲೆ ಅಕಾಲದ ಮಳೆ ಬಿದ್ದು ಸಿವುಡುಗಳೆಲ್ಲ ತೊಯ್ದವು. ಬಡಿದು, ತೂರಿ, ಕಾಳನ್ನು ಕಣದ ತುಂಬ ಹರವಿ ಒಣಗಿಸುತ್ತಿರುವಾಗಲೇ ಸುದ್ದಿ ಬಂತು: ಲೇವಿಯವರು ಆಡೂರಿಗೆ ಬಂದು ಇಳಿದಿದ್ದಾರೆ.

"ಅವರಿಗೆ ಕೊಡೂದು ಕೊಡ್ತೇನಿ. ಮನಿ ಮಂದಿ ಉಣ್ಣೂದನ್ನ ಕೊಡಂಗಿಲ್ಲ," ಎಂದ ಲಕ್ಷ್ಮಪ್ಪ.

ಆತನ ಎಣಿಕೆ ಹೀಗಿತ್ತು. ಹಿಂದಿನ ಕೋಣೆಯ ಪಡುವಣ ಗೋಡೆಗೆ ಮೂರು ಮೊಳ ಬಿಟ್ಟು ಇನ್ನೊಂದು ಮಣ್ಣಿನ ಗೋಡೆಯನ್ನು ಮಾಡಿನವರೆಗೆ ಎಬ್ಬಿಸುವುದು. ಎರಡರ ನಡುವೆ ಭತ್ತ ಸುರಿಯುವುದು. ಆ ಕೋಣೆಯ ಒಂದೇ ಕಿಟಕಿಯೂ ಮಾಡಿನ ಬೆಳಕಿಂಡಿಯೂ ಆ ಸಂದಿಗೇ ಬೀಳುತ್ತಿದ್ದವು. ಕಿಟಕಿಗೆ ಹಿತ್ತಲಿನಿಂದ ಕಲ್ಲು ಮಣ್ಣು ತುಂಬಿ ಮುಚ್ಚಿಬಿಟ್ಟರೆ, ಅಲ್ಲೊಂದು ಸಂದಿಯಿದೆಯೆಂದು ಯಾರಿಗೂ ತಿಳಿಯುವುದಿಲ್ಲ.

ಹಾಲವ್ವ ಕಣದಿಂದ ನಾಲ್ಕು ಕಾಳು ತೆಗೆದು ಹಲ್ಲಿಗೆ ಹಾಕಿ ನೋಡಿದಳು. "ಇನ್ನೂ ಮೆತ್ತಗ ಅದಾವ್ರೀ. ಚಲೋ ಬಿಸಲ ಬೇಕು. ಹಸೀ ಕಾಳು ಮುಚ್ಚಿಟ್ರ ಒಳಗೊಳಗ ಕಾಯ್ತಾವು."

"ಬಿಸಲ ಬೀಳೂತನಕ ಅವರು ಆಡೂರಾಗ ಕುಂತಿರ್ತಾರೇನ?"

"ಕಿಟಕಿ ಮುಚ್ಚಿದ್ರ ಆ ಕ್ವಾಣಿಗೆ ಗಾಳಿ ಎಲ್ಲಿಂದ?"

"ಮಿರಗದೊಳಗ ಎಲ್ಲಾ ಬಿಚ್ಚತೇನಿ ಬಿಡು. ಅಲ್ಲೀತನಕ ಒಣಾ ದಿನಾನ ಐತಿ," ಎಂದ ಲಕ್ಷ್ಮಪ್ಪ. ಆಮೇಲೆ, "ನಮ್ಮವ್ವ ಹ್ಯಾಂಗ ಹ್ವಾದಳು, ಮರತಿಯೇನ?" ಎಂದ.

ಹಾಲವ್ವ ಮರೆತಿರಲಿಲ್ಲ. ಅತ್ತೆಯ ಬಾಯಿಗೆ ನೀರು ಬಿಟ್ಟವಳೇ ಅವಳು. ಬುಟ್ಟಿ ತಂದು ಕಣದ ಕಾಳು ತುಂಬತೊಡಗಿದಳು.

ಮುಂಬಾಗಿಲು ಹಾಕಿಕೊಂಡು ಲಕ್ಷ್ಮಪ್ಪನೂ ಫಕ್ಕೀರಪ್ಪನೂ ಗೋಡೆ ಎಬ್ಬಿಸಿದರು. ಫಕ್ಕೀರಪ್ಪ ಆ ಮನೆಯಲ್ಲೇ ಬೆಳೆದವನು, ಬಾಯಿ ಬಿಡುವವನಲ್ಲ. ಗೋಡೆಗೆ ಬಣ್ಣ ಬರಿಸುವ ಕೆಲಸ ಹಾಲವ್ವನದು. ಒಲೆಯ ಹಿಂದಿನ ಕಿಟ್ಟ ಕೆರೆದು ತಂದು ಸೆಗಣಿಯಲ್ಲಿ ಕಲಸಿ, ಉಳಿದ ಮೂರು ಗೋಡೆಗಳಿಗೂ ಇದಕ್ಕೂ ಹೊಂದುವವರೆಗೆ ಸಾರಿಸಿದಳು. ಗೂಟ ಬಡಿದು ಮೊರ, ಜರಡಿ, ಹಗ್ಗ ತೂಗುಹಾಕಿದಳು. ಲೇವಿ ಅಧಿಕಾರಿ ಬಂದಾಗ ಸಿಪಾಯಿಯೊಬ್ಬ ಆ ಕೋಣೆಗೂ ನುಗ್ಗಿ, ಬೆತ್ತದಿಂದ ಗೋಡೆಯನ್ನು ಎರಡು ಬಾರಿ ಕುಟ್ಟಿ ನೋಡಿದ. ಹಸಿ ಗೋಡೆ ಟೊಳ್ಳು ಸದ್ದು ಮಾಡಲಿಲ್ಲ. ಅವರು ಅಂಗಳ ದಾಟಿ ಹೋದ ಮೇಲೆ ಲಕ್ಷ್ಮಪ್ಪ ಹೆಂಡತಿಯ ಮುಖ ನೋಡಿ ನಕ್ಕ. ತಾಯಿ ಸತ್ತ ಮೇಲೆ ಆತ ನಕ್ಕದ್ದು ಅದೇ ಮೊದಲು. ಹಾಲವ್ವನಿಗೂ ಅಂದು ಬಲು ಹಗುರೆನಿಸಿತು.

ಆದರೆ ಗೋಡೆ ಒಣಗಲಿಲ್ಲ. ಹೋಳಿಹುಣ್ಣಿಮೆ ಕಳೆದು, ಅಂಗಳದ ಮಣ್ಣು ಬಿರುಕು ಬಿಟ್ಟ ಮೇಲೂ ಅಂಗೈ ಇಟ್ಟರೆ ತಣ್ಣಗೆ ಹತ್ತುತ್ತಿತ್ತು. ಸೊಂಟದೆತ್ತರಕ್ಕೆ ಒಂದು ಕಪ್ಪು ಕಲೆ ಎದ್ದು, ದಿನಕ್ಕಿಷ್ಟು ಹರಡಿಕೊಳ್ಳುತ್ತ ಬಂತು. ಹಾಲವ್ವ ಅದರ ಮೇಲೆ ಸುಣ್ಣ ಬಳಿದಳು. ವಾರದೊಳಗೆ ಸುಣ್ಣ ಹಕ್ಕಳೆಯಾಗಿ ಉದುರಿತು.

ಬೇಸಿಗೆಯಲ್ಲೇ ಬಿಚ್ಚಬಹುದಿತ್ತು. ಅಷ್ಟರಲ್ಲಿ ಮಗ್ಗುಲ ಹಳ್ಳಿಯವನೊಬ್ಬನ ಹುಲ್ಲಿನ ಬಣವೆಯೊಳಗೆ ಭತ್ತದ ಚೀಲಗಳು ಸಿಕ್ಕಿ, ಅವನ ಕೈಗೆ ಬೇಡಿ ಹಾಕಿ, ಸಂತೆಯ ದಿನ ಹಾನಗಲ್ಲಿನ ಪೇಟೆಯಲ್ಲಿ ನಡೆಸಿಕೊಂಡು ಹೋದರು. ಲಕ್ಷ್ಮಪ್ಪ ಅದನ್ನು ಕಣ್ಣಾರೆ ನೋಡಿ ಬಂದ. ಅಂದಿನಿಂದ ಗೋಡೆಯ ಮಾತೆತ್ತಿದರೆ ಸಾಕು, ಬೀದಿಯ ಕಡೆ ನೋಡುವನು. ಮಿರಗ ಬಂತು, ಹೋಯಿತು. ಆರಿದ್ರಿ ಮಳೆ ಹಿಡಿದುಕೊಂಡಿತು. ಹಿತ್ತಲ ಕಡೆ ಕಿಟಕಿಗೆ ತುಂಬಿದ ಕಲ್ಲುಗಳ ಸಂದಿಯಿಂದ ಎರಚಲು ನೀರು ಒಳಗಿಳಿಯಿತು.

ಆ ಮಳೆಯಲ್ಲೇ ಮಗಳು ಉಡಚವ್ವ ಚೊಚ್ಚಲ ಬಾಣಂತನಕ್ಕೆ ಹಿರೇಕೆರೂರಿನ ಗಂಡನ ಮನೆಯಿಂದ ಬಂದಳು. ತುಂಬಿದ ಬಸುರಿ. ಗಾಡಿಯಿಂದ ಇಳಿದು ಹಿಂದಿನ ಕೋಣೆಗೆ ಕಾಲಿಟ್ಟವಳೇ ಮೂಗಿಗೆ ಸೆರಗು ಹಿಡಿದಳು.

"ಯವ್ವಾ, ಇದೇನ ವಾಸನಿ? ನಮ್ಮ ಮನಿ ಹಿಂಗ ಇರಲಿಲ್ಲಲ್ಲ."

"ಈ ಸಲ ಮಳಿ ಜಾಸ್ತಿ," ಎಂದಳು ಹಾಲವ್ವ.

ಮಗಳನ್ನು ಬೇರೆ ಎಲ್ಲಿ ಇರಿಸಬೇಕು? ಪಡಸಾಲೆಯ ಕೆಳಗೆ ದನ ಕಟ್ಟುತ್ತಾರೆ, ಹೋಗಿಬರುವ ಗಂಡಸರು ಕೂರುತ್ತಾರೆ. ನಡುಮನೆಗೆ ನಾಲ್ಕು ಕಡೆ ಬಾಗಿಲು, ಒಲೆಯ ಹೊಗೆ ಬೇರೆ. ಬಾಣಂತಿಗೆ ಗಾಳಿ ತಾಗಬಾರದು, ಮರೆ ಇರಬೇಕು. ಆ ಮನೆಯಲ್ಲಿ ಹೆತ್ತವರೆಲ್ಲ ಹಿಂದಿನ ಕೋಣೆಯಲ್ಲೇ ಹೆತ್ತವರು. ಉಡಚವ್ವ ಹುಟ್ಟಿದ್ದೂ ಅಲ್ಲೇ.

ಹೆಣ್ಣು ಕೂಸು ಹುಟ್ಟಿತು. ಸೂಲಗಿತ್ತಿ ಹಾಜರಾಬಿ ಹೊಕ್ಕುಳಬಳ್ಳಿ ಕತ್ತರಿಸಿ, ಎರೆದು, ಅಜ್ಜಿಯ ಕೈಗೆ ಕೊಟ್ಟಳು. ಕೈಕಾಲು ದುಂಡಗಿದ್ದ, ಗಟ್ಟಿ ದನಿಯ ಕೂಸು. ಹಾಲವ್ವ ಮಂಚದ ಕೆಳಗೆ ಅಗ್ಗಿಷ್ಟಿಕೆ ಇರಿಸಿ ಕೆಂಡ ತುಂಬಿದಳು. ಅಜವಾನ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿದಳು.

ತಾನು ಎಲ್ಲಿ ತಪ್ಪಿದೆನೆಂದು ಆಕೆಗೆ ನಾಲ್ಕೇ ದಿನದಲ್ಲಿ ಗೊತ್ತಾಯಿತು. ಕೆಂಡ ಹೆಚ್ಚಿಸಿದಷ್ಟೂ ಗೋಡೆ ಬೆವರತೊಡಗಿತು. ಮೊದಲು ಮಂಜಿನಂಥ ಪದರು, ಆಮೇಲೆ ಹನಿ, ಆಮೇಲೆ ಸಣ್ಣ ಸಣ್ಣ ಧಾರೆ. ಕಿಟಕಿಯಿದ್ದಾಗ ಬೆಂಕಿಯ ಕಾವಿಗೆ ಕೋಣೆಯ ಹಸಿಯೆಲ್ಲ ಎದ್ದು ಹೊರಗೆ ಹೋಗುತ್ತಿತ್ತು. ಈಗ ಹೋಗಲು ದಾರಿಯಿಲ್ಲ. ಎದ್ದ ಹಬೆ ತಿರುಗಿ ಹಾಸಿಗೆಯ ಮೇಲೆ, ಕೂಸಿನ ತಲೆಯ ಕುಲಾಯಿಯ ಮೇಲೆ ಇಳಿಯುತ್ತಿತ್ತು. ಬೆಂಕಿ ಆರಿಸಿದರೆ ಕೋಣೆ ಬಾವಿಯ ಹಾಗೆ ಕೊರೆಯುವುದು. ಹಚ್ಚಿದರೆ ಬಚ್ಚಲಿನ ಹಾಗೆ ಉಸಿರುಗಟ್ಟುವುದು.

ಆಕೆ ಸುಮ್ಮನೆ ಕೂರಲಿಲ್ಲ. ಗೋಡೆಯ ಬುಡಕ್ಕೆ ಗೇಣೆತ್ತರ ಬೂದಿ ಸುರಿದಳು. ಸುಟ್ಟ ಸುಣ್ಣದ ಹರಳುಗಳನ್ನು ಪರಟೆಗಳಲ್ಲಿ ತುಂಬಿ ಮೂಲೆ ಮೂಲೆಗೆ ಇಟ್ಟಳು. ಬೆಳಿಗ್ಗೆ ಕಲ್ಲಿನಂತಿದ್ದ ಹರಳು ಸಂಜೆಗೆ ಹಿಟ್ಟಾಗಿರುತ್ತಿತ್ತು. ಹಾಸಿಗೆಯ ಕೆಳಗಿನ ಒಣಹುಲ್ಲನ್ನು ದಿನಾ ಬದಲಿಸಿದಳು. ಕೌದಿಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಹರವಿ ಕಾಯಿಸಿ ತಂದಳು. ಹಾಸಿದ ಸ್ವಲ್ಪ ಹೊತ್ತಿಗೇ ಅವು ಮತ್ತೆ ಭಾರವಾಗುತ್ತಿದ್ದವು. ವಾಸನೆ ಮಾತ್ರ ದಿನದಿಂದ ದಿನಕ್ಕೆ ಬೆಳೆಯಿತು. ಮುಗ್ಗಲು ವಾಸನೆಯೊಳಗೆ ಹುಳಿಯಾದ ಹೆಂಡದಂಥ ಇನ್ನೊಂದು ವಾಸನೆ ಬೆರೆತಿತ್ತು. ಗೋಡೆಯ ಆ ಬದಿಗೆ ಏನಾಗುತ್ತಿದೆಯೆಂದು ಹಾಲವ್ವನಿಗೆ ತಿಳಿಯಿತು. ಗಂಡನಿಗೂ ತಿಳಿದಿರಬೇಕು.

ಕೂಸಿಗೆ ನೆಗಡಿ ಬಂತು, ಮೂಗು ಕಟ್ಟಿತು, ಮೊಲೆ ಹಿಡಿದು ಕುಡಿಯಲಾರದೆ ಬಿಟ್ಟು ಬಿಟ್ಟು ಅಳತೊಡಗಿತು. ಎರೆಯಲು ಬಂದ ಹಾಜರಾಬಿ ಅದರ ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೂತಳು. ಆಮೇಲೆ ಎದ್ದು ಗೋಡೆಯ ಹತ್ತಿರ ಹೋಗಿ ಮೂಸಿ ನೋಡಿದಳು. ಹಾಲವ್ವ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು, ಗೋಡೆಗೆ ಅಡ್ಡವಾಗಿ ಬಂದು ನಿಂತಳು.

"ನನಗೇನೂ ವಾಸನಿ ಬರ್ಲಿಲ್ಲ ಬಿಡ್ರಿ, ಅವ್ವಾರ," ಎಂದಳು ಹಾಜರಾಬಿ, ದನಿ ತಗ್ಗಿಸಿ. "ನಾ ಯಾರ ಮುಂದೂ ಏನೂ ಅನ್ನಾಕಿ ಅಲ್ಲ. ಆದ್ರ ಕೂಸಿನ ಎದ್ಯಾಗ ಕಫ ಗುರುಗುಟ್ಟಾಕತ್ತೈತಿ. ಈ ಕ್ವಾಣ್ಯಾಗ ಇಟ್ರ ಉಳಿಯಂಗಿಲ್ಲ. ತಾಯಿಗೂ ಮೈ ಸುಡಾಕತ್ತೈತಿ."

"ಎಲ್ಲಿಗೆ ಒಯ್ಯಲಿ ಹಾಜರಾಬಿ? ಹಿರೇಕೆರೂರಿಗೆ ಕಳಸೋಣಂದ್ರ ಹಳ್ಳ ತುಂಬಿ ಹರಿಯಾಕತ್ತಾವು."

ಹಾಜರಾಬಿ ಹೇಳಿದಳು: "ನಮ್ಮನಿ ಸಣ್ಣದು ಖರೆ. ಆದ್ರ ಮೂಡಲ ಬಾಗಲಾ, ಕಟ್ಟಿ ಎತ್ತರ ಐತಿ, ಒಣಾ ಐತಿ. ನಮ್ಮ ಮನಿಯವರನ್ನ ಮಸೂತಿ ಕಟ್ಟಿಗೆ ಕಳಸತೇನಿ. ಅಡಿಗಿ ನಿಮ್ಮಲ್ಲಿಂದನ ಬರ್ಲಿ, ನೀರೂ ನಿಮ್ಮಲ್ಲಿಂದನ ತರ್ರಿ. ನೀವು ಹೂಂ ಅಂದ್ರ ಈಗಿಂದೀಗ ಕರಕೊಂಡ ಹೊಕ್ಕೇನಿ."

ಹಾಲವ್ವ ಹೂಂ ಅನ್ನಲಿಲ್ಲ. ಹೆರಿಗೆಗೆ, ಎರೆಯುವುದಕ್ಕೆ ಹಾಜರಾಬಿ ಒಳಗೆ ಬರಬಹುದು. ಲಿಂಗ ಕಟ್ಟಿದ ಮನೆಯ ಬಾಣಂತಿ ಸಾಬರ ಮನೆಯಲ್ಲಿ ಮಲಗುವುದೆಂದರೆ ಬೀಗರು ಏನೆಂದಾರು, ಮಠದವರು ಏನೆಂದಾರು? ಕೇಳಿ ನೋಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದಳು.

ಲಕ್ಷ್ಮಪ್ಪ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ. ಹಾಲವ್ವ ಹೇಳಿದ್ದನ್ನೆಲ್ಲ ಕೇಳಿ, "ಸಾಬರ ಮನ್ಯಾಗ? ನಾಳೆ ಬೀಗರು ಆಕೀನ್ನ ಒಳಗ ಕರಕೊಳ್ಳಲಿಲ್ಲಂದ್ರ?" ಎಂದ.

"ಹಂಗಾರ ಗ್ವಾಡಿ ಒಡೀರಿ."

"ಮಳಿ ನಿಲ್ಲಲಿ."

"ನೀವು ಮಿರಗದೊಳಗ ಅಂದಿದ್ರಿ."

"ನಾ ಬೇಡಿ ಹಾಕ್ಕೊಂಡು ಪ್ಯಾಟ್ಯಾಗ ನಡೀಬೇಕೇನ? ನಡದ ಮ್ಯಾಲೆ ಈ ಮನಿ ಯಾರು ನೋಡತಾರ?" ಆತನ ದನಿ ಏರಿ ಅಲ್ಲೇ ಮುರಿಯಿತು. "ಲೇವಿಯವರು ಮತ್ತ ಬರ್ತಾರಂತ. ಗೌಡರ ಮನ್ಯಾಗ ಮಾತಾಡಾಕತ್ತಿದ್ರು. ಅವರು ಬಂದ ಹೋಗ್ಲಿ. ಸ್ವಲ್ಪ ತಾಳು."

ಆತ ಮಾಡಿದ್ದು ಇಷ್ಟು. ಮಾಡು ಹತ್ತಿ ಮಂಚದ ಕಾಲ್ದೆಸೆಗೆ ಬರುವ ಎರಡು ಹಂಚು ಸರಿಸಿದ. ಹಬೆ ಕೊಂಚ ಮೇಲೆದ್ದಿತು. ಉಡಚವ್ವ ಒಂದು ಮಧ್ಯಾಹ್ನ ಏದುಸಿರಿಲ್ಲದೆ ನಿದ್ದೆ ಮಾಡಿದಳು. ಸಂಜೆಯ ಜಡಿಮಳೆಗೆ ನೀರು ನೇರ ಕೋಣೆಯ ನಡುವೆಯೇ ಸುರಿಯಿತು. ಹಂಚು ಮತ್ತೆ ಮುಚ್ಚಬೇಕಾಯಿತು.

ಹಾಲವ್ವ ಕೂಸನ್ನು ಎತ್ತಿಕೊಂಡು ಅಡುಗೆಮನೆಯ ಒಲೆಯ ಮುಂದೆ ಕೂತಳು. ಅಲ್ಲಿ ಬೆಚ್ಚಗಿತ್ತು, ಆದರೆ ಹೊಗೆ. ಕೂಸು ಕೆಮ್ಮಿ ನೀಲಿಯಾಯಿತು. ನಡುಮನೆಗೆ ತಂದಳು, ಅಲ್ಲಿ ಗಾಳಿ. ಮತ್ತೆ ತಾಯಿಯ ಮಗ್ಗುಲಿಗೆ ತಂದಳು. ಅಷ್ಟು ದೊಡ್ಡ ಮನೆಯಲ್ಲಿ ಅಂಗೈಯಗಲ ಕೂಸನ್ನು ಇಡಲು ಆಕೆಗೆ ಒಣ ಜಾಗ ಸಿಗಲಿಲ್ಲ. ಹೋಗಲೇ, ಹಾಜರಾಬಿಯ ಮನೆಗೆ ಎತ್ತಿಕೊಂಡು ಹೋಗಿಬಿಡಲೇ ಎಂದು ಎರಡು ಸಲ ಮುಂಬಾಗಿಲವರೆಗೆ ಬಂದಳು. ಕಟ್ಟೆಯ ಮೇಲೆ ಕೂತ ಮಂದಿಯನ್ನು ನೋಡಿ ಎರಡು ಸಲವೂ ಹಿಂದಿರುಗಿದಳು.

ಮರುದಿನ ಬುತ್ತಿ ಕಟ್ಟುವ ಹೊತ್ತಿಗೆ ಕೂಸಿನ ಪಕ್ಕೆಗಳು ಒಳಸೇದಿ ಒಳಸೇದಿ ನಿಂತುಹೋದವು. ಅಳಲಿಲ್ಲ. ಉಡಚವ್ವ ಅದನ್ನು ಮೊಲೆಗೆ ಒತ್ತಿಕೊಂಡೇ ಇದ್ದಳು. "ಯವ್ವಾ, ಈಗ ಸುಮ್ಮನಾತು ನೋಡು, ನಿದ್ದಿ ಹತ್ತಿರಬೇಕು," ಎಂದಳು. ಹಾಲವ್ವ ಕೂಸಿನ ಕಾಲು ಮುಟ್ಟಿ ನೋಡಿ, ಮಗಳ ತೆಕ್ಕೆಯಿಂದ ಅದನ್ನು ಬಿಡಿಸಿಕೊಂಡಳು.

ಲಕ್ಷ್ಮಪ್ಪ ಕೂಸನ್ನು ಬಿಳಿ ಅರಿವೆಯಲ್ಲಿ ಸುತ್ತಿ, ಕಂಬಳಿಯ ಕೊಪ್ಪೆಯೊಳಗೆ ಎದೆಗವಚಿಕೊಂಡು, ಮಳೆಯಲ್ಲೇ ಹೊಲದ ಬದುವಿಗೆ ಒಯ್ದ. ಫಕ್ಕೀರಪ್ಪ ಸಲಿಕೆ ಹಿಡಿದು ಹಿಂದೆ ಹೋದ. ಅವರು ಓಣಿ ತಿರುಗುವುದನ್ನೇ ಕಾಯುತ್ತಿದ್ದವಳಂತೆ ಹಾಲವ್ವ ಒಳಗೆ ಬಂದು ಮಗಳ ತಲೆಗೆ ಕೌದಿ ಹೊದಿಸಿ ಎಬ್ಬಿಸಿದಳು. ಉಡಚವ್ವನ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಹೆಜ್ಜೆಗೊಮ್ಮೆ ನಿಂತು ಕೆಮ್ಮುವಳು. ಹಾಡುಹಗಲೇ, ಕಟ್ಟೆಯ ಮೇಲಿನವರೆಲ್ಲ ನೋಡುತ್ತಿದ್ದಂತೆ, ಹಾಲವ್ವ ಮಗಳನ್ನು ತೋಳಿನಿಂದ ಬಳಸಿಕೊಂಡು ಓಣಿಯ ಕೊನೆಯ ಹಾಜರಾಬಿಯ ಮನೆಗೆ ನಡೆಸಿಕೊಂಡು ಹೋದಳು. ಯಾರೋ, "ಎಲ್ಲಿಗೆ ಹಾಲವ್ವಾ?" ಎಂದರು. ಆಕೆ ತಿರುಗಿ ನೋಡಲಿಲ್ಲ.

ಹಾಜರಾಬಿ ಬಾಗಿಲಲ್ಲಿದ್ದ ಕೋಳಿಬುಟ್ಟಿ ಸರಿಸಿ, ಒಣ ಚಾಪೆ ಹಾಸಿ, ಉಡಚವ್ವನನ್ನು ಗೋಡೆಗೆ ಆನಿಸಿ ಕೂರಿಸಿದಳು. ಅದು ಬೆಚ್ಚಗಿನ, ಪುಡಿಮಣ್ಣು ಉದುರುವ, ಸುಣ್ಣ ಕಾಣದ ಗೋಡೆ.

ಹಾಲವ್ವ ಮನೆಗೆ ಬಂದು ಹಿತ್ತಲಿನಿಂದ ಗುದ್ದಲಿ ತಂದಳು. ಮುಂಬಾಗಿಲು ಹಾಕಲಿಲ್ಲ. ಗೂಟದ ಮೇಲಿನ ಮೊರ, ಜರಡಿಗಳನ್ನು ಕಿತ್ತೆಸೆದು ಕಪ್ಪು ಕಲೆಯ ಮೇಲೆ ಮೊದಲ ಏಟು ಹಾಕಿದಳು. ಗುದ್ದಲಿ ಹಿಟ್ಟಿಗೆ ಇಳಿದಂತೆ ಇಳಿಯಿತು. ನಾಲ್ಕಾರು ಏಟಿಗೆ ಗೋಡೆಯ ನಡುಭಾಗ ಕುಸಿದು, ಅದರ ಹಿಂದೆಯೇ ಭತ್ತ ಜಾರಿ ಆಕೆಯ ಮೊಣಕಾಲವರೆಗೆ ಬಂತು. ಅದು ಭತ್ತವಾಗಿ ಉಳಿದಿರಲಿಲ್ಲ. ಹೆಪ್ಪುಗಟ್ಟಿದ ಕರಿ ಗಡ್ಡೆಗಳು, ಬಿಳಿ ಕೂದಲಂಥ ಬೂಷ್ಟು, ಬೆಳಕು ಕಾಣದೆ ಹಳದಿಯಾಗಿ ಸುತ್ತಿಕೊಂಡ ಮೊಳಕೆಗಳು. ಕೈಯಿಟ್ಟರೆ ಒಳಗೆ ಸುಡುತ್ತಿತ್ತು. ಹೊರಟ ಗಾಳಿಗೆ ಆಕೆಗೆ ಕಣ್ಣು ಕತ್ತಲೆ ಬಂದು, ಗುದ್ದಲಿಯ ಕಾವು ಹಿಡಿದೇ ಕೂತಳು.

ಸದ್ದು ಕೇಳಿ ಓಣಿಯ ಮಂದಿ ಪಡಸಾಲೆಯಲ್ಲಿ ನೆರೆದರು. ನಡುಮನೆಯ ಬಾಗಿಲವರೆಗೆ ಬಂದವರು ನೋಡಿ, ಮೂಗು ಮುಚ್ಚಿಕೊಂಡು, ಒಬ್ಬೊಬ್ಬರಾಗಿ ಹಿಂದೆ ಸರಿದರು. ಲಕ್ಷ್ಮಪ್ಪ ಬಂದಾಗ ಅವರು ದಾರಿ ಬಿಟ್ಟರು. ಆತ ಮಣ್ಣು ಮೆತ್ತಿದ ಕೈಯಲ್ಲಿ ಒಂದು ಗಡ್ಡೆ ಎತ್ತಿ ಹಿಸುಕಿದ. ಬೆರಳ ಸಂದಿಯಿಂದ ಕರಿ ನೀರು ಇಳಿಯಿತು.

"ಒಂದ ತುತ್ತಿಗೂ ಬರ್ಲಿಲ್ಲ," ಎಂದ.

ಹಾಲವ್ವ ಆತನ ಕಡೆ ನೋಡಲಿಲ್ಲ. "ಕಿಟಕ್ಯಾಗಿನ ಕಲ್ಲು ತಗೀರಿ," ಎಂದಳು. ಲಕ್ಷ್ಮಪ್ಪ ಹಿತ್ತಲಿಗೆ ಹೋಗಿ ಒಂದೊಂದೇ ಕಲ್ಲು ಕಿತ್ತ.

ಊರಲ್ಲಿ ಯಾರೂ ಚಾಡಿ ಹೇಳಲಿಲ್ಲ. ಆ ಭತ್ತವನ್ನು ದನಕ್ಕೆ ಹಾಕಿ ನೋಡಿದರು. ಮೂಸಿ ಮುಖ ತಿರುಗಿಸಿದವು. ಕಡೆಗೆ ಬುಟ್ಟಿಗಟ್ಟಲೆ ಹೊತ್ತು ತಿಪ್ಪೆಗೆ ಹಾಕಿದರು. ಮತ್ತೆ ಬರುತ್ತಾರೆಂದಿದ್ದ ಲೇವಿಯವರು ಆ ಮಳೆಗಾಲದಲ್ಲಿ ಬರಲೇ ಇಲ್ಲ.

ಉಡಚವ್ವ ಹಾಜರಾಬಿಯ ಮನೆಯಲ್ಲಿ ದಸರೆ ಹತ್ತಿರವಾಗುವವರೆಗೆ ಇದ್ದಳು. ಜ್ವರ ಬಿಟ್ಟಿತು. ಸಿಳ್ಳೆಯ ಉಸಿರು ಬಿಡಲಿಲ್ಲ. ನಾಲ್ಕು ಕೊಡ ನೀರು ಹೊತ್ತರೆ ಗೋಡೆ ಹಿಡಿದು ನಿಲ್ಲುವಳು. ಬೀಗರು ಬಂದು ಗಾಡಿಯಲ್ಲಿ ಕರೆದುಕೊಂಡು ಹೋದರು. ಎಲ್ಲಿ ಮಲಗಿದ್ದಳೆಂದು ಅವರು ಕೇಳಲಿಲ್ಲ, ಕೇಳಿದ್ದರೆ ಹಾಲವ್ವ ಹೇಳುವವಳಿದ್ದಳು. ಹೊರಡುವಾಗ ಮಗಳು ತಾಯಿಯ ಕಾಲಿಗೆ ಬಿದ್ದಳು, ತಂದೆಯ ಕಾಲಿಗೂ ಬಿದ್ದಳು. ಮಾತು ಮಾತ್ರ ಆಡಲಿಲ್ಲ.

ಎರಡು ವರ್ಷಕ್ಕೆ ಆಕೆ ಮತ್ತೆ ಬಸುರಿಯಾದ ಸುದ್ದಿ ಬಂತು. ಅಷ್ಟರೊಳಗೆ ಯುದ್ಧ ಮುಗಿದಿತ್ತು, ಲೇವಿ ಮುಗಿದಿರಲಿಲ್ಲ. ಲಕ್ಷ್ಮಪ್ಪ ಹಿಂದಿನ ಕೋಣೆಗೆ ಇನ್ನೊಂದು ಕಿಟಕಿ ಇರಿಸಿ, ನೆಲವನ್ನು ಗೇಣು ಎತ್ತರಿಸಿ, ಹೊಸ ಹಂಚು ಹೊದಿಸಿದ. ಬೇಸಿಗೆಯಲ್ಲೇ ಗಾಡಿ ಕಟ್ಟಿಕೊಂಡು ಹಿರೇಕೆರೂರಿಗೆ ಹೋದ. ಉಡಚವ್ವ ತಂದೆಗೆ ನೀರು ಕೊಟ್ಟಳು, ಊಟಕ್ಕೆ ಬಡಿಸಿದಳು. ಕರೆಯಲು ಬಂದಿದ್ದೇನೆಂದಾಗ, "ಇಲ್ಲೇ ಆಗ್ಲಿ, ಅಪ್ಪಾ," ಎಂದಷ್ಟೇ ಹೇಳಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಗಾಡಿ ಖಾಲಿ ಬಂದದ್ದನ್ನು ಹಾಲವ್ವ ಬಾಗಿಲಲ್ಲೇ ನಿಂತು ನೋಡಿದಳು. ಲಕ್ಷ್ಮಪ್ಪ ಎತ್ತು ಬಿಚ್ಚಿ, ಕೊರಳಗಂಟೆ ತೆಗೆದು, ಗೋದಲಿಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದ.

ಬೆಳಗಾದೊಡನೆ ಹಾಲವ್ವ ಹಾಜರಾಬಿಯ ಮನೆಗೆ ಹೋದಳು.

"ಹಿರೇಕೆರೂರಿಗೆ ಹೋಗಿ ಬಾ. ಹೆರಿಗಿ ಆಗಿ, ಕೂಸಿಗೆ ನಾಕ ತಿಂಗಳಾಗೂತನಕ ಅಲ್ಲೇ ಇರು. ಗಾಡಿ ಕಟ್ಟಿಸೇನಿ."

"ನೀವ ಹೋಗ್ರಲ್ಲ, ಅವ್ವಾರ. ಹೆತ್ತಾಕಿ ನೀವು."

"ನನ್ನ ಕರದಿಲ್ಲ," ಎಂದಳು ಹಾಲವ್ವ. "ನಿನ್ನ ಬ್ಯಾಡ ಅನ್ನಾಕಿ ಅಲ್ಲ ಆಕಿ."

ಬಿಸಿಲಿಗೆ ಹಾಕಿ ಮಡಿಚಿಟ್ಟ ಕೌದಿಗಳನ್ನು ಆಕೆ ತಾನೇ ಗಾಡಿಗೆ ಹೇರಿದಳು. ಹಾಜರಾಬಿ ಹತ್ತಿ ಕೂತಳು. ಫಕ್ಕೀರಪ್ಪ ಎತ್ತುಗಳನ್ನು ಹೊಡೆದ.